ಎರಡು ಬಗೆಯ ನವಗ್ರಹಗಳು

ಗ್ರಹಗಳೆಷ್ಟು ಎಂದು ಮನೆಯ ಹಿರಿಯರನ್ನು ಕೇಳಿದರೆ ಒಂಬತ್ತು ಎನ್ನುವರು. ಶಾಲೆಗೆ ಹೋಗುವ ಮಗುವನ್ನು ಕೇಳಿದರೆ ಎಂಟು ಎನ್ನುವುದು. ಮಗುವಿನ ತಂದೆತಾಯಿಗಳು ತಾವು ಪಠ್ಯಪುಸ್ತಕದಲ್ಲಿ ಓದಿದ್ದೂ ಒಂಬತ್ತೇ ಎಂಬುದನ್ನು ನೆನೆದು ಹಿರಿಯರ ಪಕ್ಷ ವಹಿಸುವುದುಂಟು. ಆದರೆ ಹಿರಿಯರ ಒಂಬತ್ತು ಬೇರೆ, ತಂದೆತಾಯಿಗಳ ಒಂಬತ್ತು ಬೇರೆ. ಈ ಭೇದವನ್ನು ಅರಿತರೆ ಆಕಾಶದ ಬಗೆಗಿನ ನಮ್ಮ ಗೊಂದಲಗಳಷ್ಟೇ ಅಲ್ಲದೆ ಕೆಲವು ಭಯಗಳೂ ದೂರವಾಗುತ್ತವೆ.

ಪಂಚಾಂಗದ ನವಗ್ರಹಗಳೆಂದರೆ ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ರಾಹು ಮತ್ತು ಕೇತು. ನಕ್ಷತ್ರಗಳು ತಮ್ಮ ತಮ್ಮ ನಡುವಿನ ಅಂತರವನ್ನು ಬದಲಿಸದಂತೆ ತೋರುವಾಗ, ಅವುಗಳ ನಡುವೆ ದಿನದಿನಕ್ಕೂ ಸ್ಥಾನ ಬದಲಿಸುವ ಏಳು ಜ್ಯೋತಿಗಳನ್ನು ಪ್ರಾಚೀನರು ಬರಿಗಣ್ಣಿನಿಂದಲೇ ಗುರುತಿಸಿದ್ದರು. ವಾರದ ಏಳು ದಿನಗಳು ಇವುಗಳ ಹೆಸರನ್ನೇ ಹೊತ್ತಿವೆ. ಉಳಿದ ರಾಹು ಕೇತುಗಳು ಕಣ್ಣಿಗೆ ಕಾಣುವ ಕಾಯಗಳಲ್ಲ. ಆಕಾಶದಲ್ಲಿ ಸೂರ್ಯನ ಹಾದಿಯನ್ನು ಚಂದ್ರನ ಹಾದಿ ಕತ್ತರಿಸುವ ಎರಡು ಬಿಂದುಗಳು. ಹುಣ್ಣಿಮೆಯಾಗಲಿ ಅಮಾವಾಸ್ಯೆಯಾಗಲಿ ಈ ಬಿಂದುಗಳ ಸಮೀಪದಲ್ಲಿ ಒದಗಿದಾಗ ಮಾತ್ರ ಗ್ರಹಣವಾಗುತ್ತದೆ. ಗ್ರಹಣವೆಂಬುದು ನೆರಳಿನ ವ್ಯಾಪಾರವೆಂದು ಕ್ರಿ.ಶ. 476ರಲ್ಲಿ ಜನಿಸಿದ ಆರ್ಯಭಟನೇ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ.

ಈ ಪಟ್ಟಿಯಲ್ಲಿ ನಾವು ನಿಂತ ಭೂಮಿಗೆ ಸ್ಥಾನವಿಲ್ಲ. ವಿಜ್ಞಾನವಾದರೋ ಸೂರ್ಯನನ್ನು ಸುತ್ತುವ ಕಾಯಗಳನ್ನು ಎಣಿಸುತ್ತದೆ. ಸೂರ್ಯ ಸ್ವತಃ ನಕ್ಷತ್ರ. ಸುಮಾರು 14 ಲಕ್ಷ ಕಿಲೋಮೀಟರ್ ವ್ಯಾಸವುಳ್ಳ ಅವನಲ್ಲಿಯೇ ಇಡೀ ಸೌರಮಂಡಲದ ದ್ರವ್ಯರಾಶಿಯ ನೂರಕ್ಕೆ 99ಕ್ಕೂ ಮಿಗಿಲಾದ ಪಾಲು ಅಡಗಿದೆ. ಚಂದ್ರನು ಭೂಮಿಯ ಉಪಗ್ರಹ. ಹೀಗೆ ರವಿ, ಚಂದ್ರ, ರಾಹು, ಕೇತುಗಳನ್ನು ಬಿಟ್ಟರೆ ಉಳಿಯುವವು ಐದು. ಇವುಗಳಿಗೆ ಭೂಮಿ, 1781ರಲ್ಲಿ ವಿಲಿಯಂ ಹರ್ಷಲ್ ಕಂಡುಹಿಡಿದ ಯುರೇನಸ್ ಮತ್ತು 1846ರಲ್ಲಿ ಗಣಿತದ ಸೂಚನೆಯಂತೆ ಹುಡುಕಿದಾಗ ದೊರೆತ ನೆಪ್ಚೂನ್ ಸೇರಿ ಎಂಟಾದವು.

1930ರಲ್ಲಿ ಕ್ಲೈಡ್ ಟೊಂಬಾ ಎಂಬ ಅಮೆರಿಕದ ತರುಣ ಪ್ಲೂಟೊವನ್ನು ಕಂಡುಹಿಡಿದಾಗ ವಿಜ್ಞಾನದ ಎಣಿಕೆಯೂ ಒಂಬತ್ತಾಯಿತು. ಎರಡು ಪಟ್ಟಿಗಳ ಸಂಖ್ಯೆ ಹೊಂದಿದ್ದು ಕೇವಲ ಆಕಸ್ಮಿಕ. ಪ್ಲೂಟೊ ನಮ್ಮ ಚಂದ್ರನಿಗಿಂತಲೂ ಚಿಕ್ಕದು. ಅದರ ಆಸುಪಾಸಿನಲ್ಲಿ ಅಂಥವೇ ಇನ್ನೂ ಅನೇಕ ಕಾಯಗಳು ದೊರೆತವು. ಆದ್ದರಿಂದ 2006ರ ಆಗಸ್ಟ್ ತಿಂಗಳಲ್ಲಿ ಪ್ರಾಗ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಅದನ್ನು ಕುಬ್ಜ ಗ್ರಹವೆಂದು ಕರೆಯಿತು. 1801ರಲ್ಲಿ ಮಂಗಳ ಮತ್ತು ಗುರುಗಳ ನಡುವೆ ಕಂಡ ಸಿರಿಸ್ ಕೂಡ ಕೆಲವು ದಶಕ ಗ್ರಹವೆನಿಸಿ, ಬಳಿಕ ಆ ಪದವಿಯನ್ನು ಕಳೆದುಕೊಂಡಿತ್ತು. ಹೊಸ ಸಂಗತಿ ತಿಳಿದಾಗ ಹಳೆಯ ಎಣಿಕೆಯನ್ನು ತಿದ್ದಿಕೊಳ್ಳಲು ವಿಜ್ಞಾನ ನಾಚುವುದಿಲ್ಲ.

ಇನ್ನು ಭಯದ ಮಾತು. ‘ಸಾಡೇಸಾತಿ’ ಎಂದೊಡನೆ ಎದೆಗುಂದುವ ಮನೆಗಳು ನಮ್ಮಲ್ಲಿ ಇಂದಿಗೂ ಉಂಟು. ಶನಿ ಸೂರ್ಯನಿಂದ ಸರಾಸರಿ 143 ಕೋಟಿ ಕಿಲೋಮೀಟರ್ ದೂರದಲ್ಲಿದ್ದು, ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ ತೆಗೆದುಕೊಳ್ಳುತ್ತದೆ. ಹನ್ನೆರಡು ರಾಶಿಗಳಿಗೆ ಇದನ್ನು ಹಂಚಿದರೆ ರಾಶಿಗೆ ಸುಮಾರು ಎರಡೂವರೆ ವರ್ಷ. ಮೂರು ರಾಶಿಗೆ ಏಳೂವರೆ. ದೂರದ ಗ್ರಹವಾದ್ದರಿಂದ ಅದರ ನಡಿಗೆ ನಿಧಾನ, ಅಷ್ಟೆ. ಆ ಏಳೂವರೆ ವರ್ಷಗಳಲ್ಲಿ ಭೂಮಿಯ ಮೇಲಿನ ಕೋಟ್ಯಂತರ ಜನರಿಗೆ ಒಂದೇ ಬಗೆಯ ಕಷ್ಟ ಒದಗುವುದೆಂದು ನಂಬಲು ಕಾರಣವೇನಿದೆ?

ಕುಜದೋಷದ ನೆಪದಲ್ಲಿ ಎಷ್ಟೋ ಹೆಣ್ಣುಮಕ್ಕಳ ವಿವಾಹ ಮುರಿದುಬಿದ್ದಿದೆ. ಕುಜನ ಕೆಂಪು ಬಣ್ಣಕ್ಕೆ ಕಾರಣ ಅದರ ಮಣ್ಣಿನಲ್ಲಿ ಬೆರೆತ ಕಬ್ಬಿಣದ ತುಕ್ಕು. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟ ನಮ್ಮ ನೌಕೆ 2014ರ ಸೆಪ್ಟೆಂಬರ್ 24ರಂದು ಅದೇ ಕುಜನ ಕಕ್ಷೆಯನ್ನು ಸೇರಿತು. ಅದನ್ನು ಬೆಂಗಳೂರಿನಿಂದ ನಿಯಂತ್ರಿಸಿದ ತಂಡದಲ್ಲಿ ಹೆಣ್ಣುಮಕ್ಕಳೂ ಇದ್ದರೆಂಬುದನ್ನು ಕನ್ಯೆಯ ಜಾತಕ ಬಿಚ್ಚುವವರು ಒಮ್ಮೆ ನೆನೆಯಲಿ.

ಮೋಡವಿಲ್ಲದ ರಾತ್ರಿ ಮಕ್ಕಳನ್ನು ಮಾಳಿಗೆಗೆ ಕರೆದೊಯ್ದು ಗುರುವನ್ನೂ ಶನಿಯನ್ನೂ ತೋರಿಸೋಣ. ಚಿಕ್ಕ ದೂರದರ್ಶಕ ದೊರೆತರೆ ಶನಿಯ ಬಳೆಗಳನ್ನೂ ಕಾಣಬಹುದು. ಬೆಂಗಳೂರಿಗೆ ಹೋದಾಗ ಜವಾಹರಲಾಲ್ ನೆಹರು ತಾರಾಲಯವನ್ನು ಸಂದರ್ಶಿಸಬಹುದು. ಆ ಬಳೆಗಳ ಚೆಲುವನ್ನು ಒಮ್ಮೆ ಕಣ್ಣಾರೆ ಕಂಡ ಮಗು ಮುಂದೆ ಶನಿಯ ಹೆಸರು ಕೇಳಿ ಹೆದರಲಾರದೆಂದು ನಮ್ಮ ನಂಬಿಕೆ.