ಗೋಡೆಯ ಮೇಲಿರುವವರು ಯಾರು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಾವುದೇ ಹಳೆಯ ಹಂಚಿನ ಮನೆಗೆ ಹೋದರೂ ಜಗಲಿಯಲ್ಲಿ ಕೂತು ಒಮ್ಮೆ ತಲೆ ಎತ್ತಿ ನೋಡಿ. ಬಾಗಿಲವಾಡದ ಮೇಲೆ ಫೋಟೋಗಳ ಸಾಲು ಇರುತ್ತದೆ. ಕೋಟು, ಪೇಟ ತೊಟ್ಟ ಮುತ್ತಜ್ಜ, ಕುರ್ಚಿಯ ತುದಿಯಲ್ಲಿ ಕೂತ ಮುತ್ತಜ್ಜಿ, ಮದುವೆಯ ಗ್ರೂಪ್ ಫೋಟೋ. ಎಲ್ಲವೂ ಸ್ವಲ್ಪ ಮುಂದಕ್ಕೆ ಬಾಗಿರುತ್ತವೆ. ಮಕ್ಕಳೇ, ಹಾಗೆ ಬಾಗಿಸಿ ತೂಗುಹಾಕಿದರೆ ಎರಡು ಲಾಭ. ಕೆಳಗೆ ಚಾಪೆ ಮೇಲೆ ಕೂತವರಿಗೂ ಮುಖ ಕಾಣುತ್ತದೆ. ಚೌಕಟ್ಟಿನ ಹಿಂದೆ ಗಾಳಿ ಆಡುತ್ತದೆ.

ಆ ಗಾಳಿ ನಮ್ಮ ಮಲೆನಾಡಿಗೆ ಬಹಳ ಮುಖ್ಯ. ಆರಿದ್ರಾ, ಪುನರ್ವಸು ಮಳೆ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಫೋಟೋ ಹೇಗೆ ಒಣಗೀತು? ಹಳೆಯ ಫೋಟೋದ ಮೇಲ್ಪದರದಲ್ಲಿ ಜೆಲಟಿನ್ ಎಂಬ ಅಂಟು ಇರುತ್ತದೆ. ಅದನ್ನು ಪ್ರಾಣಿಗಳ ಮೂಳೆ, ಚರ್ಮದಿಂದ ತಯಾರಿಸುತ್ತಾರೆ. ತೇವ ತಗುಲಿದರೆ ಅದು ಉಬ್ಬಿ ಗಾಜಿಗೆ ಅಂಟಿಕೊಳ್ಳುತ್ತದೆ. ಬೂಷ್ಟಿಗಂತೂ ಅದು ಒಳ್ಳೆಯ ಊಟ.

ಕಳೆದ ಬೇಸಿಗೆಯಲ್ಲಿ ನಾನೂ ಮೊಮ್ಮಗಳೂ ಸೇರಿ ನಮ್ಮ ಮನೆಯ ಫೋಟೋಗಳನ್ನೆಲ್ಲ ಇಳಿಸಿ ಹೊಸದಾಗಿ ಜೋಡಿಸಿದೆವು. ನಾವು ಮಾಡಿದ್ದು ಇಷ್ಟು. ಮಳೆ ಹೊಡೆಯುವ ಹೊರಗೋಡೆ ಬಿಟ್ಟು ಒಳಗಿನ ಒಣಗೋಡೆ ಆರಿಸಿದೆವು. ಅಡುಗೆ ಒಲೆಯ ಹೊಗೆ ಬರುವ ಕಡೆ, ನೇರ ಬಿಸಿಲು ಬೀಳುವ ಕಡೆ ಹಾಕಲಿಲ್ಲ. ಬಿಸಿಲಿಗೆ ಬಣ್ಣದ ಫೋಟೋ ಬೇಗ ಮಾಸುತ್ತದೆ. ಗಾಜಿಗೂ ಫೋಟೋಗೂ ನಡುವೆ ಸುತ್ತ ದಪ್ಪ ರಟ್ಟಿನ ಅಂಚು ಕೊಟ್ಟೆವು. ಹಿರಿಯರ ಫೋಟೋಗೆ ಹಸಿ ಹೂವಿನ ಬದಲು ಗಂಧದ ಹಾರ ಹಾಕಿದೆವು; ಹೂವಿನ ನೀರು ಚೌಕಟ್ಟಿನೊಳಗೆ ಇಳಿಯಬಾರದಲ್ಲ!

ಒಂದೇ ಒಂದು ಪ್ರತಿ ಇರುವ ಹಳೆಯ ಫೋಟೋಗಳನ್ನು ಗೋಡೆಗೆ ಹಾಕಲೇ ಇಲ್ಲ. ಹಗಲಿನ ತಂಪು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ಅವುಗಳ ಚಿತ್ರ ತೆಗೆದು, ಸ್ಟುಡಿಯೋದಲ್ಲಿ ಪ್ರತಿ ಮಾಡಿಸಿ, ಆ ಪ್ರತಿಯನ್ನು ಗೋಡೆಗೆ ಹಾಕಿದೆವು. ಮೂಲ ಫೋಟೋಗಳು ಬಿಗಿ ಮುಚ್ಚಳದ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೆಚ್ಚಗಿವೆ. ಗಾಜಿಗೆ ಅಂಟಿದ ಫೋಟೋವನ್ನು ಕೀಳಲು ಹೋಗಬೇಡಿ, ಹರಿದುಹೋಗುತ್ತದೆ. ಗಾಜಿನ ಮೇಲಿಂದಲೇ ಚಿತ್ರ ತೆಗೆದುಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಮೊಮ್ಮಗಳು ಒಂದು ಗ್ರೂಪ್ ಫೋಟೋ ಹಿಡಿದು, "ಅಜ್ಜಿ, ಇವರೆಲ್ಲ ಯಾರು?" ಎಂದಳು. ಹದಿನೇಳು ಜನ ಇದ್ದರು. ನನಗೆ ಗೊತ್ತಿದ್ದದ್ದು ಆರು ಜನ. ಎನ್.ಆರ್. ಪುರದ ಕಡೆ ಇರುವ ನನ್ನ ದೊಡ್ಡಮ್ಮನಿಗೆ ಈಗ ತೊಂಬತ್ತರ ಹತ್ತಿರ. ಅವರ ಬಳಿ ಒಯ್ದೆವು. ಕನ್ನಡಕ ಏರಿಸಿ ಒಬ್ಬೊಬ್ಬರನ್ನೇ ಬೆರಳಿಟ್ಟು ಹೇಳುತ್ತಾ ಹೋದರು. ಹದಿನಾಲ್ಕು ಹೆಸರು ಸಿಕ್ಕಿತು. ಉಳಿದ ಮೂವರನ್ನು ಗುರುತಿಸುವವರು ಈಗ ಯಾರೂ ಇಲ್ಲ.

ಆ ಫೋಟೋದಲ್ಲಿ ಹಿಂದೆ ಕಾಣುವ ಮನೆಯೂ ಈಗಿಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ಎನ್.ಆರ್. ಪುರದ ಕಡೆ ಎಷ್ಟೋ ಜನರ ಮನೆ, ಗದ್ದೆ, ತೋಟ ಹಿನ್ನೀರಿನಲ್ಲಿ ಮುಳುಗಿದವು. "ನಾ ಹುಟ್ಟಿದ ಮನೆ ಈಗ ಇರೋದು ಇಷ್ಟೇ ಕಣೇ," ಎಂದು ದೊಡ್ಡಮ್ಮ ಆ ಮೂಲೆಯನ್ನು ಮೊಮ್ಮಗಳಿಗೆ ತೋರಿಸಿದರು.

ಅಂದೇ ಹೆಸರುಗಳನ್ನೆಲ್ಲ ಬರೆದಿಟ್ಟೆವು. ಫೋಟೋದ ಬೆನ್ನಿಗೆ ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದೆ ಗೆರೆ ಮೂಡುತ್ತದೆ. ಮೆದು ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಹಗುರವಾಗಿ ಬರೆಯಬೇಕು. ನುಣುಪು ಕಾಗದವಾದರೆ ಚೀಟಿಯಲ್ಲಿ ಬರೆದು ಚೌಕಟ್ಟಿನ ಹಿಂದೆ ಅಂಟಿಸಬಹುದು. ಹೆಸರು, ಸಂಬಂಧ, ಊರು, ವರ್ಷ ಇರಲಿ. ಊರಿನ ಹಳೆಯ ಹೆಸರೂ ಇರಲಿ. ನರಸಿಂಹರಾಜಪುರ ಹಿಂದೆ ಎಡೇಹಳ್ಳಿ ಆಗಿತ್ತೆಂದು ಎಷ್ಟು ಮಕ್ಕಳಿಗೆ ಗೊತ್ತು?

ಈಗ ನಮ್ಮ ಜಗಲಿಯಲ್ಲಿ ಎರಡು ಸಾಲಿದೆ. ಮೇಲಿನದು ಹಿರಿಯರದು. ಕೆಳಗಿನದು ಮಕ್ಕಳ ಕಣ್ಣಿನ ಎತ್ತರಕ್ಕೆ. ಅಲ್ಲಿ ಯಾವ ಫೋಟೋ ಇರಬೇಕೆಂದು ಅವರೇ ತೀರ್ಮಾನಿಸುತ್ತಾರೆ. ಮೊಮ್ಮಗಳು ಮೊದಲು ಹಾಕಿದ್ದು ಮುಳುಗಿದ ಮನೆಯ ಫೋಟೋವನ್ನೇ.

1839ರ ಆಗಸ್ಟ್ 19ರಂದು ಫ್ರಾನ್ಸಿನಲ್ಲಿ ದಾಗೇರ್ ಎಂಬುವರು ಕಂಡುಹಿಡಿದ ಫೋಟೋ ತೆಗೆಯುವ ವಿಧಾನವನ್ನು ಜಗತ್ತಿಗೆ ತಿಳಿಸಲಾಯಿತು. ಆ ದಿನವೇ ಈಗ ವಿಶ್ವ ಛಾಯಾಗ್ರಹಣ ದಿನ. ನಮ್ಮಲ್ಲಿ ಆಗ ಮಘೆ ಮಳೆ. ಮಕ್ಕಳೇ, ಅಂದು ನಿಮ್ಮ ಮನೆಯ ಫೋಟೋಗಳ ಹಿಂದೆ ಬೂಷ್ಟು ಬಂದಿದೆಯೇ ನೋಡಿ. ಬಂದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸದೆ ಇಳಿಸಿ ಬೆಚ್ಚಗಿನ ಜಾಗದಲ್ಲಿಡಿ. ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆದು ಬ್ರಷ್‌ನಿಂದ ಹೊರಗೆ ಕೊಡವಿ. ಆಮೇಲೆ ಪೆನ್ಸಿಲ್ ಹಿಡಿದು ಅಜ್ಜ-ಅಜ್ಜಿಯ ಪಕ್ಕ ಕೂತು "ಇವರು ಯಾರು?" ಎಂದು ಕೇಳಿ. ಅಜ್ಜ-ಅಜ್ಜಿಯರೇ, ಮಕ್ಕಳು ಕೇಳುವ ತನಕ ಕಾಯಬೇಡಿ. ನೀವೇ ಕರೆದು ಹೇಳಿ.