ಹಿಮದ ಇಳಿಜಾರಿನಲ್ಲಿ ನ್ಯಾಯದ ಲೆಕ್ಕ

ಪ್ಯಾರಾ ಸ್ಕೀಯಿಂಗ್ ಸ್ಪರ್ಧೆಯ ಫಲಿತಾಂಶವನ್ನು ಮೊದಲ ಸಲ ನೋಡುವವರಿಗೆ ಗೊಂದಲವಾಗುವುದು ಸಹಜ. ಎಲ್ಲರಿಗಿಂತ ಕಡಿಮೆ ಸಮಯದಲ್ಲಿ ಇಳಿದು ಬಂದವರಿಗೆ ಬೆಳ್ಳಿ, ಅವರಿಗಿಂತ ನಿಧಾನವಾಗಿ ಬಂದವರಿಗೆ ಚಿನ್ನ ಸಿಕ್ಕಿರುವುದು ಇಲ್ಲಿ ಅಪರೂಪವಲ್ಲ. ಕಾರಣವಿಷ್ಟೇ: ಗಡಿಯಾರ ತೋರಿಸಿದ ಸಮಯವನ್ನು ಸ್ಪರ್ಧಿಯ ವರ್ಗಕ್ಕೆ ಗೊತ್ತುಪಡಿಸಿದ ಗುಣಕದಿಂದ ಗುಣಿಸಿ, ಬಂದ ಸಂಖ್ಯೆಯ ಮೇಲೆ ಸ್ಥಾನ ಕೊಡುತ್ತಾರೆ. ಲೆಕ್ಕ ತಿಳಿಯಲೆಂದು ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಗುಣಕ 1 ಇರುವ ಸ್ಪರ್ಧಿ 60 ಸೆಕೆಂಡಿನಲ್ಲಿ ಇಳಿದರೆ ಅವರ ಸಮಯ 60 ಆಗಿಯೇ ಉಳಿಯುತ್ತದೆ. ಗುಣಕ 0.80 ಇರುವವರು 74 ಸೆಕೆಂಡು ತೆಗೆದುಕೊಂಡರೂ ಅವರ ಲೆಕ್ಕದ ಸಮಯ 59.2 ಸೆಕೆಂಡು, ಗೆಲುವು ಅವರದೇ. ಇದನ್ನು ಅನುಕಂಪದ ರಿಯಾಯಿತಿ ಎಂದುಕೊಳ್ಳುವವರಿದ್ದಾರೆ. ಅದು ತಪ್ಪು. ಗುಣಕ ಒಂದು ಅಳತೆ. ದೇಹದ ಊನ ಎಷ್ಟು ಸಮಯ ಕಸಿಯುತ್ತದೆ, ಕೌಶಲ ಎಷ್ಟು ಸಮಯ ಉಳಿಸುತ್ತದೆ ಎಂಬುದನ್ನು ಬೇರ್ಪಡಿಸಿ ನೋಡುವ ವೈಜ್ಞಾನಿಕ ಪ್ರಯತ್ನ. ಅದರಲ್ಲಿ ಕೊರತೆಗಳಿವೆ, ಆದರೆ ಅದಕ್ಕಿಂತ ನ್ಯಾಯವಾದ ದಾರಿ ಸದ್ಯಕ್ಕೆ ನಮ್ಮ ಮುಂದಿಲ್ಲ.

ಈ ಲೆಕ್ಕ ಬೇಕಾದದ್ದಕ್ಕೆ ಕ್ರೀಡೆಯ ಚರಿತ್ರೆಯಲ್ಲೇ ಕಾರಣವಿದೆ. ಎರಡನೇ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡ ಜರ್ಮನಿ, ಆಸ್ಟ್ರಿಯಾಗಳ ಸೈನಿಕರು ಊರುಗೋಲಿಗೆ ಪುಟ್ಟ ಸ್ಕೀ ಕಟ್ಟಿಕೊಂಡು ಇಳಿಜಾರಿಗೆ ಮರಳಿದರು. 1976ರಲ್ಲಿ ಸ್ವೀಡನ್ನಿನ ಓರ್ನ್‌ಷೋಲ್ಡ್ಸ್‌ವಿಕ್‌ನಲ್ಲಿ ಮೊದಲ ಚಳಿಗಾಲದ ಪ್ಯಾರಾಲಿಂಪಿಕ್ಸ್ ನಡೆಯಿತು. ಆಮೇಲೆ ಬೆನ್ನುಹುರಿಗೆ ಪೆಟ್ಟಾದವರು ಕುಳಿತು ಓಡಿಸುವ ಸ್ಕೀ ಬಂತು, ಸ್ಪರ್ಧಿಗಳ ವೈವಿಧ್ಯ ಹೆಚ್ಚಿತು, ಒಂದೊಂದು ಬಗೆಯ ಊನಕ್ಕೂ ಒಂದೊಂದು ಪದಕ ಎನ್ನುವಂತಾಯಿತು. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಪದಕದ ಸ್ಪರ್ಧೆಗಳು 92. ಬೆರಳೆಣಿಕೆಯ ಜನ ಇಳಿದು ಮೂವರು ಪದಕ ಪಡೆಯುವ ಸ್ಪರ್ಧೆಯಲ್ಲಿ ಗೆಲುವಿಗೆ ಬೆಲೆ ಎಲ್ಲಿಯದು? 2006ರ ಟ್ಯೂರಿನ್‌ನಲ್ಲಿ ಸ್ಕೀಯಿಂಗ್ ವರ್ಗಗಳನ್ನು ನಿಂತು ಸ್ಪರ್ಧಿಸುವವರು, ಕುಳಿತು ಸ್ಪರ್ಧಿಸುವವರು, ದೃಷ್ಟಿದೋಷವುಳ್ಳವರು ಎಂದು ಮೂರೇ ಗುಂಪಾಗಿ ಒಗ್ಗೂಡಿಸಿದರು. ಕೂಟದ ಒಟ್ಟು ಸ್ಪರ್ಧೆಗಳು 58ಕ್ಕೆ ಇಳಿದವು. ಒಂದೇ ಗುಂಪಿನೊಳಗೆ ಬಗೆಬಗೆಯ ದೇಹಗಳು ಸೇರಿದ ಮೇಲೆ ಗುಣಕವಿಲ್ಲದೆ ಹೋಲಿಕೆಯೇ ಸಾಧ್ಯವಿರಲಿಲ್ಲ.

ಹಾಗಾದರೆ ಗುಣಕ ಅಳೆಯುವುದಾದರೂ ಏನನ್ನು? ಇಳಿಜಾರಿನಲ್ಲಿ ಇಳಿಯುವ ಆಲ್ಪೈನ್ ಸ್ಪರ್ಧೆಯ ಕುಳಿತು ಓಡಿಸುವ ಸ್ಕೀಯನ್ನೇ ಹತ್ತಿರದಿಂದ ನೋಡೋಣ. ದೇಹದ ಅಚ್ಚಿಗೆ ತಕ್ಕಂತೆ ಮಾಡಿದ ಆಸನ, ಅದರಡಿ ಶಾಕ್ ಅಬ್ಸಾರ್ಬರ್, ಅದರ ಕೆಳಗೆ ಒಂದೇ ಒಂದು ಸ್ಕೀ. ಎರಡೂ ಕೈಗಳಲ್ಲಿ ತುದಿಗೆ ಸಣ್ಣ ಸ್ಕೀ ಇರುವ ಔಟ್‌ರಿಗರ್ ಎಂಬ ಗಿಡ್ಡ ಊರುಗೋಲುಗಳು. ತಿರುವಿನಲ್ಲಿ ಸ್ಪರ್ಧಿ ಒಳಬದಿಗೆ ವಾಲಿ ಸ್ಕೀಯ ಅಂಚನ್ನು ಹಿಮಕ್ಕೆ ಒತ್ತಬೇಕು. ಕಾಲು ಮಾತ್ರ ಕಳೆದುಕೊಂಡವರಿಗೆ ಸೊಂಟ, ಹೊಟ್ಟೆ, ಬೆನ್ನಿನ ಸ್ನಾಯುಗಳು ಈ ಕೆಲಸ ಮಾಡಿಕೊಡುತ್ತವೆ. ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡವರಿಗೆ ಆ ಸ್ನಾಯುಗಳು ಸ್ಪಂದಿಸುವುದಿಲ್ಲ. ಸಮತೋಲ ತಪ್ಪಿದರೆ ತೋಳು ಮತ್ತು ಔಟ್‌ರಿಗರ್‌ಗಳೇ ಗತಿ. ಒಂದರ ಹಿಂದೊಂದು ಬಿಗಿ ತಿರುವುಗಳಿರುವ ಸ್ಲಾಲಮ್‌ನಲ್ಲಿ ಈ ಕೊರತೆ ದುಬಾರಿಯಾಗುತ್ತದೆ. ವಿಶಾಲ ತಿರುವುಗಳ ಡೌನ್‌ಹಿಲ್‌ನಲ್ಲಿ ಗುರುತ್ವಾಕರ್ಷಣೆ ಎಲ್ಲರನ್ನೂ ಒಂದೇ ಬಗೆಯಲ್ಲಿ ಎಳೆಯುವುದರಿಂದ ಅಂತರ ಕಡಿಮೆ. ಅದಕ್ಕೇ ಒಬ್ಬರಿಗೇ ಸ್ಪರ್ಧೆಯಿಂದ ಸ್ಪರ್ಧೆಗೆ ಗುಣಕ ಬದಲಾಗುತ್ತದೆ. ನಾರ್ಡಿಕ್ ಸ್ಪರ್ಧೆಯ ಕಥೆ ಇನ್ನೂ ಬೇರೆ. ಅಲ್ಲಿ ಇಳಿತವಷ್ಟೇ ಅಲ್ಲ, ಏರು, ಸಮತಟ್ಟುಗಳೂ ಇರುತ್ತವೆ, ಅವನ್ನು ಸ್ವಂತ ಬಲದಿಂದ ಕ್ರಮಿಸಬೇಕು. ಎರಡು ಕೋಲುಗಳನ್ನು ಒಟ್ಟಿಗೆ ಊರಿ ನೂಕುವಾಗ ಬಲದ ದೊಡ್ಡ ಪಾಲು ಹುಟ್ಟುವುದು ಮುಂಡ ಮುಂದಕ್ಕೆ ಬಾಗುವುದರಿಂದ. ಮುಂಡದ ಮೇಲೆ ಹಿಡಿತವಿಲ್ಲದವರು ಭುಜ, ತೋಳುಗಳಿಂದಲೇ ಅಷ್ಟನ್ನೂ ಹುಟ್ಟಿಸಬೇಕು. ಬೆನ್ನುಹುರಿಗೆ ಎದೆಯ ಮೇಲ್ಭಾಗದಲ್ಲಿ ಪೆಟ್ಟಾಗಿದ್ದರೆ ಹೃದಯದ ಬಡಿತವನ್ನು ಏರಿಸುವ ನರಗಳ ಸಂಪರ್ಕವೂ ಕಡಿದಿರಬಹುದು. ಎಷ್ಟೇ ಅಭ್ಯಾಸ ಮಾಡಿದರೂ ಅಂಥವರ ಹೃದಯ ಬೇರೆಯವರಷ್ಟು ವೇಗವಾಗಿ ಬಡಿಯಲಾರದು.

ದೃಷ್ಟಿದೋಷದ ವಿಭಾಗದಲ್ಲಿ ಕೊರತೆ ಸ್ನಾಯುವಿನದಲ್ಲ, ಮಾಹಿತಿಯದು. ಮಾರ್ಗದರ್ಶಿ ಮುಂದೆ ಸಾಗುತ್ತಾ, ಆಲ್ಪೈನ್ ಸ್ಪರ್ಧೆಯಲ್ಲಿ ಹೆಡ್‌ಸೆಟ್ ಮೂಲಕ, ತಿರುವು ಮತ್ತು ಉಬ್ಬುತಗ್ಗುಗಳನ್ನು ಹೇಳುತ್ತಾ ಹೋಗುತ್ತಾರೆ. ಗಂಟೆಗೆ 100 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಒಂದು ಮಾತು ಹೇಳಿ, ಕೇಳಿ, ಅರ್ಥವಾಗಲು ಅರ್ಧ ಸೆಕೆಂಡು ಹಿಡಿದರೂ ಅಷ್ಟರಲ್ಲಿ 14 ಮೀಟರ್ ದಾಟಿರುತ್ತದೆ. ಹಾಗಾಗಿ ತಿರುವು ಬರುವ ಮೊದಲೇ ಮಾತು ಬರಬೇಕು, ಆ ಮಾತನ್ನು ನಂಬಿ ದೇಹವನ್ನು ಒಪ್ಪಿಸಬೇಕು. 2014ರ ಸೋಚಿಯಲ್ಲಿ ಕೆಲ್ಲಿ ಗ್ಯಾಲಗರ್ ಬ್ರಿಟನ್ನಿಗೆ ಚಳಿಗಾಲದ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ತಂದಾಗ ಅವರ ಮಾರ್ಗದರ್ಶಿ ಷಾರ್ಲಟ್ ಇವಾನ್ಸ್ ಅವರಿಗೂ ಪದಕ ಸಿಕ್ಕಿದ್ದು ಅದಕ್ಕೇ.

ಈ ಲೆಕ್ಕಕ್ಕೆ ಆಕ್ಷೇಪಗಳೂ ಇವೆ. ನಿಧಾನವಾಗಿ ಬಂದವರು ಗೆಲ್ಲುವುದು ಕ್ರೀಡೆಯೇ ಅಲ್ಲ ಎಂಬುದು ಮೊದಲ ಆಕ್ಷೇಪ. ಆದರೆ 57 ಕಿಲೋ ಪೈಲ್ವಾನನನ್ನು 97 ಕಿಲೋದವನ ಮೇಲೆ ಬಿಡದಿರುವುದನ್ನು ಯಾರೂ ರಿಯಾಯಿತಿ ಎನ್ನುವುದಿಲ್ಲ. ಕುಸ್ತಿಯಲ್ಲಿ ಬೇರೆ ಅಖಾಡದಿಂದ ಸಿಗುವ ನ್ಯಾಯ ಇಲ್ಲಿ ಗುಣಾಕಾರದಿಂದ ಸಿಗುತ್ತದೆ, ಅಷ್ಟೇ ವ್ಯತ್ಯಾಸ. ಸಮಯದಲ್ಲಿ ಕಡಿತ ಪಡೆಯುವವರೇ ಸದಾ ಗೆಲ್ಲುತ್ತಾರೆ ಎಂಬುದೂ ನಿಜವಲ್ಲ. ಚೆರ್ನೋಬಿಲ್ ವಿಕಿರಣದ ಪರಿಣಾಮವೆನ್ನಲಾದ ಊನಗಳೊಂದಿಗೆ ಉಕ್ರೇನ್‌ನಲ್ಲಿ ಹುಟ್ಟಿ, ಎರಡೂ ಕಾಲು ಕಳೆದುಕೊಂಡು, ಅಮೆರಿಕದ ಪರ ಸ್ಪರ್ಧಿಸುವ ಒಕ್ಸಾನಾ ಮಾಸ್ಟರ್ಸ್ ಕುಳಿತು ಸ್ಪರ್ಧಿಸುವವರಲ್ಲಿ ಅತಿ ಕಡಿಮೆ ಊನದ ವರ್ಗದವರು. ಸಮಯದಲ್ಲಿ ಯಾವ ಕಡಿತವೂ ಅವರಿಗಿಲ್ಲ. ಆದರೂ 2022ರ ಬೀಜಿಂಗ್‌ನಲ್ಲಿ ಅವರು ಗೆದ್ದದ್ದು ಏಳು ಪದಕ.

ಎರಡನೇ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆಲ್ಪೈನ್ ಗುಣಕಗಳನ್ನು ಆಯಾ ವರ್ಗದ ಉತ್ತಮ ಸ್ಪರ್ಧಿಗಳ ಹಿಂದಿನ ಫಲಿತಾಂಶಗಳಿಂದ ಕಟ್ಟುತ್ತಾರೆ. ಸ್ಪರ್ಧಿಗಳು ಕಡಿಮೆಯಿರುವ ವರ್ಗದಲ್ಲಿ ಒಬ್ಬ ಅಸಾಧಾರಣ ಪ್ರತಿಭೆ ಬಂದರೆ ಇಡೀ ವರ್ಗವೇ ವೇಗದ್ದೆಂದು ಕಾಣಿಸಿ ಗುಣಕ ಬಿಗಿಯಾಗಬಹುದು. ಪ್ರತಿಭೆಗೇ ದಂಡ ಬಿದ್ದಂತೆ. ಈ ದೂರಿನಲ್ಲಿ ಹುರುಳಿದೆ. ಪರಿಹಾರ ಗುಣಕವನ್ನು ಕೈಬಿಡುವುದಲ್ಲ, ಅದರ ಆಧಾರವನ್ನು ಬಲಪಡಿಸುವುದು. ಹಲವು ಋತುಗಳ ಫಲಿತಾಂಶಗಳ ಜೊತೆಗೆ ಸ್ನಾಯುಬಲ, ಮುಂಡದ ಹಿಡಿತ, ದೃಷ್ಟಿಯ ವ್ಯಾಪ್ತಿಯನ್ನು ಪ್ರಯೋಗಾಲಯದಲ್ಲಿ ಅಳೆದು, ಒಂದೊಂದು ಕೊರತೆ ಎಷ್ಟು ಸಮಯ ತಿನ್ನುತ್ತದೆಂದು ಕಂಡುಕೊಳ್ಳಬೇಕು. ಆ ಪರೀಕ್ಷೆಗಳು ಅಭ್ಯಾಸದಿಂದ ಸುಧಾರಿಸದಂಥವಾಗಿರಬೇಕು. ಇಲ್ಲದಿದ್ದರೆ ಬೆವರು ಸುರಿಸಿದವರೇ ಕಡಿಮೆ ಊನದ ವರ್ಗಕ್ಕೆ ದೂಡಲ್ಪಡುತ್ತಾರೆ. ನಾರ್ಡಿಕ್ ಸ್ಪ್ರಿಂಟ್ ಒಂದು ಒಳ್ಳೆಯ ಉಪಾಯವನ್ನೂ ತೋರಿಸಿದೆ: ಫೈನಲ್‌ನಲ್ಲಿ ಗುಣಕಕ್ಕೆ ತಕ್ಕಂತೆ ಒಬ್ಬರಾದ ಮೇಲೊಬ್ಬರನ್ನು ಬಿಡುತ್ತಾರೆ, ಮೊದಲು ಗೆರೆ ದಾಟಿದವರೇ ವಿಜೇತರು. ಲೆಕ್ಕ ಅದೇ, ನೋಡುವವರಿಗೆ ಗೊಂದಲವಿಲ್ಲ.

ವರ್ಗಗಳಿದ್ದಲ್ಲಿ ಮೋಸವೂ ಇರುತ್ತದೆ ಎಂಬುದು ಮೂರನೆಯದು. 2000ದ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಪೇನಿನ ಬೌದ್ಧಿಕ ನ್ಯೂನತೆಯ ಬ್ಯಾಸ್ಕೆಟ್‌ಬಾಲ್ ತಂಡದ 12 ಆಟಗಾರರಲ್ಲಿ 10 ಮಂದಿಗೆ ಅಂಥ ನ್ಯೂನತೆಯೇ ಇರಲಿಲ್ಲ. ವರ್ಗ ನಿರ್ಣಯವೂ ಯಾವಾಗಲೂ ಸುಲಭವಲ್ಲ: ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ಡಿಸ್ಕಸ್ ಎಸೆತದ ಕಂಚು ಗೆದ್ದಿದ್ದ ಭಾರತದ ವಿನೋದ್ ಕುಮಾರ್, ಯಾವ ವರ್ಗಕ್ಕೆ ಸೇರಿದವರೆಂದು ತೀರ್ಪುಗಾರರು ನಿರ್ಧರಿಸಲಾಗದೆ ಪದಕ ಕಳೆದುಕೊಂಡರು. ಇಂಥ ಪ್ರಸಂಗಗಳು ಹೇಳುವುದು ಅಳತೆ ಬೇಡವೆಂದಲ್ಲ, ಅದು ಇನ್ನೂ ನಿಖರವಾಗಬೇಕೆಂದು. ಅಳತೆಯನ್ನೇ ತೆಗೆದುಹಾಕಿದರೆ ನಷ್ಟವಾಗುವುದು ಹೆಚ್ಚು ಊನವಿರುವ ಪ್ರಾಮಾಣಿಕರಿಗೆ, ಮೋಸಗಾರರಿಗಲ್ಲ.

ಪ್ಯಾರಾ ಕ್ರೀಡಾಪಟುಗಳನ್ನು ಸ್ಫೂರ್ತಿಯ ಕಥೆಗಳಾಗಿ ಮೆಚ್ಚಿ ಅಲ್ಲಿಗೇ ಮರೆಯುವುದು ನಮ್ಮಲ್ಲಿ ರೂಢಿಯಾಗಿದೆ. ಅವರು ಕೇಳುವುದು ಮೆಚ್ಚುಗೆಯನ್ನಲ್ಲ, ನ್ಯಾಯವಾದ ಸ್ಪರ್ಧೆಯನ್ನು. ಅದನ್ನು ಕೊಡಲು ಕ್ರೀಡಾ ವಿಜ್ಞಾನಕ್ಕೆ ಹಣ, ಸಂಶೋಧಕರು ಮತ್ತು ಹೆಚ್ಚು ಸ್ಪರ್ಧಿಗಳು ಬೇಕು. ನಾವು ಓದುಗರು ಮಾಡಬಹುದಾದದ್ದೂ ಒಂದಿದೆ: ಇವರ ಗೆಲುವಿನ ಸುದ್ದಿ ಬಂದಾಗ ಊನದ ಕಥೆಗಿಂತ ಮೊದಲು ಆಟದ ವಿವರ ಕೇಳೋಣ.