ಲಿನಕ್ಸ್‌ನಲ್ಲಿ ಮುದ್ರಣ ಸೇವೆ: ಮೊದಲೇ ಇರಬೇಕೆ, ಕೇಳಿದಾಗ ಬರಬೇಕೆ?

ಲಿನಕ್ಸ್ ಡಿಸ್ಟ್ರೊ (ಲಿನಕ್ಸ್ ಆಧರಿಸಿದ ಸಿದ್ಧ ಕಾರ್ಯವ್ಯವಸ್ಥೆ) ಒಂದನ್ನು ಕಂಪ್ಯೂಟರಿಗೆ ಹಾಕಿದಾಗ ಯಾವ ಸೇವೆಗಳು ತಾವಾಗಿ ಚಾಲೂ ಆಗಬೇಕು, ಯಾವುವು ಬಳಕೆದಾರ ಕೇಳಿದಾಗ ಮಾತ್ರ ಬರಬೇಕು ಎಂಬುದನ್ನು ಅದನ್ನು ಸಿದ್ಧಪಡಿಸುವವರು ಮೊದಲೇ ಗೊತ್ತುಮಾಡಿರುತ್ತಾರೆ. ಈ ಪಟ್ಟಿಯಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುವುದು ಮುದ್ರಣ ಸೇವೆ. ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ವರ್ಕ್‌ಸ್ಟೇಷನ್‌ಗಳ ಜೊತೆಗೆ ಅದು ಸೇರಿಕೊಂಡೇ ಬರುತ್ತದೆ. ಆರ್ಚ್ ಲಿನಕ್ಸ್‌ನಲ್ಲಿ ಬೇಕಾದವರು ತಾವೇ ಹಾಕಿಕೊಂಡು ಚಾಲೂ ಮಾಡಬೇಕು. ಮೊದಲ ಪಕ್ಷದವರು ಅನುಕೂಲದ ಮಾತಾಡಿದರೆ ಎರಡನೆಯವರು ಸುರಕ್ಷತೆಯ ಮಾತಾಡುತ್ತಾರೆ.

ಲಿನಕ್ಸ್‌ನ ಮುದ್ರಣಕ್ಕೆ ಆಧಾರವಾಗಿರುವ ತಂತ್ರಾಂಶದ ಹೆಸರು ಕಪ್ಸ್. ಅಮೆರಿಕದ ಮೈಕೆಲ್ ಸ್ವೀಟ್ 1997ರಲ್ಲಿ ಇದನ್ನು ಬರೆಯತೊಡಗಿದರು. 1999ರಲ್ಲಿ ಇದು ಸಾರ್ವಜನಿಕರ ಕೈಗೆ ಬಂತು. 2002ರಲ್ಲಿ ಆಪಲ್ ಸಂಸ್ಥೆ ತನ್ನ ಮ್ಯಾಕ್ ಕಂಪ್ಯೂಟರುಗಳಿಗೆ ಇದನ್ನೇ ಅಳವಡಿಸಿಕೊಂಡು, 2007ರಲ್ಲಿ ಇದರ ಮೂಲ ಸಂಕೇತದ ಹಕ್ಕನ್ನೂ ಕೊಂಡಿತು. 2019ರ ಕೊನೆಗೆ ಸ್ವೀಟ್ ಆಪಲ್ ಬಿಟ್ಟ ಮೇಲೆ ಲಿನಕ್ಸ್‌ಗೆ ಬೇಕಾದ ಕಪ್ಸ್ ಓಪನ್‌ಪ್ರಿಂಟಿಂಗ್ ಎಂಬ ಸ್ವತಂತ್ರ ತಂಡದ ಆಶ್ರಯದಲ್ಲಿ ಬೆಳೆಯುತ್ತಿದೆ. ಇದರ ಕೆಲಸದ ಕ್ರಮ ಹೀಗೆ: ಬರಹದ ತಂತ್ರಾಂಶ ಪುಟವನ್ನು ಪಿಡಿಎಫ್ ರೂಪದಲ್ಲಿ ಕೊಡುತ್ತದೆ, ಕಪ್ಸ್ ಅದನ್ನು ಸರದಿಯಲ್ಲಿ ನಿಲ್ಲಿಸುತ್ತದೆ, ಫಿಲ್ಟರ್ ಎನ್ನುವ ಸಣ್ಣ ತಂತ್ರಾಂಶಗಳು ಅದನ್ನು ಪ್ರಿಂಟರಿಗೆ ಅರ್ಥವಾಗುವ ರೂಪಕ್ಕೆ ತಿರುಗಿಸುತ್ತವೆ, ಕೊನೆಗೆ ಅದು ಯುಎಸ್‌ಬಿ ಕೇಬಲ್ ಅಥವಾ ನೆಟ್‌ವರ್ಕ್ ಮೂಲಕ ಪ್ರಿಂಟರನ್ನು ಸೇರುತ್ತದೆ.

ಕನ್ನಡದ ಮಟ್ಟಿಗೆ ಈ ಸರಪಳಿಯ ಒಂದೊಂದು ಕೊಂಡಿಯೂ ಮುಖ್ಯ. ‘ರಾಷ್ಟ್ರ’ ಎಂಬ ಪದ ಕಂಪ್ಯೂಟರಿನಲ್ಲಿ ಏಳು ಯುನಿಕೋಡ್ ಸಂಕೇತಗಳಾಗಿ ಉಳಿದಿರುತ್ತದೆ. ಷಕಾರದ ಕೆಳಗೆ ಟಕಾರದ ಒತ್ತು, ಅದರ ಪಕ್ಕ ರಕಾರದ ಒತ್ತು ಕೂರಿಸುವ ಕೆಲಸವನ್ನು ಹಾರ್ಫ್‌ಬಝ್‌ನಂಥ ತಂತ್ರಾಂಶ ಕಂಪ್ಯೂಟರಿನಲ್ಲೇ ಮುಗಿಸುತ್ತದೆ. ಹಾಗೆ ಜೋಡಿಸಿದ ಅಕ್ಷರರೂಪಗಳನ್ನು ಪಿಡಿಎಫ್ ತನ್ನೊಳಗೇ ಇಟ್ಟುಕೊಳ್ಳುವುದರಿಂದ, ಕನ್ನಡದ ಅರಿವೇ ಇಲ್ಲದ ಪ್ರಿಂಟರೂ ಕಾಗದದ ಮೇಲೆ ಪದವನ್ನು ಸರಿಯಾಗಿ ಮೂಡಿಸುತ್ತದೆ. ಈ ವ್ಯವಸ್ಥೆಯನ್ನು ಡಿಸ್ಟ್ರೊ ತಯಾರಿಸುವವರೇ ಹೊಂದಿಸಿ, ಪರೀಕ್ಷಿಸಿ ಕೊಟ್ಟರೆ ಸಾಮಾನ್ಯ ಬಳಕೆದಾರನಿಗೆ ಮುದ್ರಣದ ಬಹುಪಾಲು ತೊಡಕು ತಪ್ಪುತ್ತದೆ.

ಅಂಥ ಬಳಕೆದಾರರು ಕನ್ನಡನಾಡಿನ ಅಂಚಿನಲ್ಲೂ ಇದ್ದಾರೆ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಉಬುಂಟು ಆಧರಿಸಿದ ಕೈಟ್ ಗ್ನು/ಲಿನಕ್ಸ್ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳ ಪಾಠದ ಕಂಪ್ಯೂಟರಿನಲ್ಲೂ ಇದೆ. ಇತ್ತ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲೂ ಕನ್ನಡ ಶಾಲೆಗಳಿವೆ. ಆದರೆ ಕಚೇರಿಯ ಕಾಗದಪತ್ರವೆಲ್ಲ ಮರಾಠಿಯಲ್ಲಿ. ಶೇಗಾಂವದಂಥ ಊರಿನ ರೈತನಿಗೆ ಬೆಳೆಸಾಲಕ್ಕೆ ಸಾತ್‌ಬಾರಾ ಉತಾರ (ಪಹಣಿ) ಬೇಕು, ಶಿಕ್ಷಕರಿಗೆ ಕನ್ನಡದ ಪ್ರಶ್ನೆಪತ್ರಿಕೆ ಬೇಕು. ಇವೆರಡೂ ಪರದೆಯ ಮೇಲೆ ಕಂಡರೆ ಸಾಲದು, ಕಾಗದಕ್ಕೆ ಇಳಿಯಬೇಕು. ಪ್ರಿಂಟರ್ ಜೋಡಿಸಿದ ಕೂಡಲೇ ಪ್ರಿಂಟ್ ಬಾರದಿದ್ದರೆ ಅಲ್ಲಿ ಯಾರೂ ಕಮಾಂಡ್ ಹುಡುಕುತ್ತ ಕೂರುವುದಿಲ್ಲ. ‘ಲಿನಕ್ಸ್ ನಮ್ಮ ಕೆಲಸಕ್ಕಲ್ಲ’ ಎಂದು ಬಿಟ್ಟುಬಿಡುತ್ತಾರೆ.

ಇನ್ನೊಂದು ಪಕ್ಷದ ಆತಂಕಕ್ಕೂ ಗಟ್ಟಿ ಆಧಾರವಿದೆ. ಮುದ್ರಣ ಸೇವೆಯ ಲೋಪಗಳು ದಾಳಿಕೋರರಿಗೆ ಹಲವು ಬಾರಿ ದಾರಿ ಮಾಡಿಕೊಟ್ಟಿವೆ. 2001ರ ಜನವರಿಯಲ್ಲಿ ಹರಡಿದ ರಾಮೆನ್ ಎಂಬ ವರ್ಮ್ (ತಾನಾಗಿ ಹರಡುವ ದುಷ್ಟ ತಂತ್ರಾಂಶ) ರೆಡ್ ಹ್ಯಾಟ್ ಲಿನಕ್ಸ್ 7.0ರೊಳಗೆ ನುಗ್ಗಲು ಬಳಸಿಕೊಂಡದ್ದು ಅದರ ಮುದ್ರಣ ಸೇವೆಯ ದೋಷವನ್ನು. ವಿಂಡೋಸ್‌ನಲ್ಲಿಯೂ ಇದೇ ಕಥೆ: 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ವರ್ಮ್ ಹರಡಲು ನೆರವಾದ ದೋಷಗಳಲ್ಲಿ ಒಂದು ಅಲ್ಲಿನ ಮುದ್ರಣ ಸೇವೆಯಾದ ಪ್ರಿಂಟ್ ಸ್ಪೂಲರಿನದು, 2021ರ ಪ್ರಿಂಟ್‌ನೈಟ್‌ಮೇರ್ ದೋಷವೂ ಅದರದೇ.

ಲಿನಕ್ಸ್ ಬಳಗವನ್ನು ಹೆಚ್ಚು ಎಚ್ಚರಿಸಿದ್ದು 2024ರ ಸೆಪ್ಟೆಂಬರ್ 26ರಂದು ಇಟಲಿಯ ಸಂಶೋಧಕ ಸಿಮೋನೆ ಮಾರ್ಗರಿಟೆಲ್ಲಿ ಬಯಲು ಮಾಡಿದ ಲೋಪಗಳ ಸರಣಿ. ಕಪ್ಸ್ ಜೊತೆಗೆ ಬರುವ ಕಪ್ಸ್-ಬ್ರೌಸ್ಡ್ ಎಂಬ ಸೇವೆ ನೆಟ್‌ವರ್ಕಿನ ಪ್ರಿಂಟರುಗಳನ್ನು ತಾನೇ ಪತ್ತೆಹಚ್ಚಲು 631ನೇ ಯುಡಿಪಿ ಪೋರ್ಟಿನಲ್ಲಿ ಕಾಯುತ್ತಿತ್ತು. ‘ಇಲ್ಲೊಂದು ಪ್ರಿಂಟರ್ ಇದೆ’ ಎಂದು ಯಾರೇ ಹೇಳಿದರೂ ನಂಬಿ, ಅವರು ಕೊಟ್ಟ ವಿಳಾಸಕ್ಕೆ ಹೋಗಿ ಆ ಪ್ರಿಂಟರಿನ ವಿವರ ತರುತ್ತಿತ್ತು. ದಾಳಿಕೋರನು ವಿವರದಲ್ಲಿ ಒಂದು ಕಮಾಂಡ್ ಅಡಗಿಸಿಟ್ಟಿದ್ದರೆ ಅದು ಶೋಧನೆಯಿಲ್ಲದೆ ಪ್ರಿಂಟರಿನ ವಿವರಣಾ ಕಡತಕ್ಕೆ ಸೇರುತ್ತಿತ್ತು. ಬಳಕೆದಾರ ಆ ನಕಲಿ ಪ್ರಿಂಟರಿಗೆ ಒಂದು ಪುಟ ಕಳಿಸಿದರೆ ಫಿಲ್ಟರ್ ಆ ಕಮಾಂಡನ್ನು ನಡೆಸಿಬಿಡುತ್ತಿತ್ತು. ಡಿಸ್ಟ್ರೊಗಳು ಕೂಡಲೇ ತಿದ್ದುಪಡಿ ಹೊರಡಿಸಿದವು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನಲ್ಲಿ ಈ ಸೇವೆ ತಾನಾಗಿ ಚಾಲೂ ಆಗುತ್ತಿರಲಿಲ್ಲವಾದ್ದರಿಂದ ಅದರ ಬಳಕೆದಾರರಿಗೆ ಅಪಾಯ ಕಡಿಮೆಯಿತ್ತು.

ಈ ಘಟನೆ ಚರ್ಚೆಯ ಗಂಟು ಎಲ್ಲಿದೆಯೆಂದು ತೋರಿಸಿಕೊಟ್ಟಿತು. ದಾಳಿಗೆ ದಾರಿಯಾದದ್ದು ಹೊರಗಿನವರ ಮಾತಿಗೆ ಕಿವಿಗೊಡುತ್ತಿದ್ದ ಕಪ್ಸ್-ಬ್ರೌಸ್ಡ್. ಕಪ್ಸ್‌ನ ಮುಖ್ಯ ಸೇವೆ ಸಾಮಾನ್ಯವಾಗಿ ತನ್ನದೇ ಕಂಪ್ಯೂಟರಿನ ಕೋರಿಕೆಗಳಿಗೆ ಮಾತ್ರ ಓಗೊಡುತ್ತದೆ. ಮನೆಗೆ ಬಾಗಿಲಿರುವುದು ಬೇರೆ, ಅದನ್ನು ಹಗಲೂ ರಾತ್ರಿ ಬೀದಿಗೆ ತೆರೆದಿಡುವುದು ಬೇರೆ. ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿ ತಂತ್ರಾಂಶವನ್ನು ಬಳಸುವ ಡಿಸ್ಟ್ರೊಗಳಲ್ಲಿ ಮುದ್ರಣದ ಕೋರಿಕೆ ಬಂದಾಗ ಮಾತ್ರ ಕಪ್ಸ್ ಎದ್ದು ಕೆಲಸ ಮಾಡುವಂತೆ ಇಡಲೂ ಸಾಧ್ಯ. 2010ರಲ್ಲಿ ಆಪಲ್ ತಂದ ಏರ್‌ಪ್ರಿಂಟ್, ಅದರ ನಂತರ ಬಂದ ಐಪಿಪಿ ಎವ್ರಿವೇರ್ ಎಂಬ ಮಾನದಂಡಗಳಿಂದಾಗಿ ಹೊಸ ಪ್ರಿಂಟರುಗಳಿಗೆ ಪ್ರತ್ಯೇಕ ಡ್ರೈವರ್ ಹುಡುಕುವ ಕೆಲಸವೂ ಕಡಿಮೆಯಾಗಿದೆ.

ಆದ್ದರಿಂದ ಉತ್ತರ ಯಂತ್ರದ ಬಳಕೆಯನ್ನು ಅವಲಂಬಿಸಿದೆ. ಮನೆ, ಶಾಲೆ, ಅಂಗಡಿ, ಕಚೇರಿಗಳ ಕಂಪ್ಯೂಟರಿನಲ್ಲಿ ಮುದ್ರಣ ಸೇವೆ ಮೊದಲೇ ಇರಬೇಕು, ಆದರೆ ಹೊರಗಿನ ನೆಟ್‌ವರ್ಕಿಗೆ ಕಿವಿಗೊಡುವ ಭಾಗ ಬಳಕೆದಾರ ಒಪ್ಪಿದ ಮೇಲಷ್ಟೇ ತೆರೆಯಬೇಕು. ಕಾಗದದ ಕೆಲಸವೇ ಇಲ್ಲದ ಸರ್ವರಿನಲ್ಲಿ ಮುದ್ರಣ ಸೇವೆ ಇರಲೇಬಾರದು. ಈಗಾಗಲೇ ಲಿನಕ್ಸ್ ಬಳಸುವವರು ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:631 ವಿಳಾಸ ತೆರೆದು ತಮ್ಮ ಪ್ರಿಂಟರುಗಳ ಪಟ್ಟಿ ನೋಡಿಕೊಳ್ಳಬಹುದು. ಪರಿಚಯವಿಲ್ಲದ ಹೆಸರು ಕಂಡರೆ ತೆಗೆದುಹಾಕಬೇಕು, ಕಪ್ಸ್-ಬ್ರೌಸ್ಡ್ ಬೇಡವಾದರೆ ನಿಲ್ಲಿಸಬೇಕು, ಅಪ್‌ಡೇಟ್‌ಗಳನ್ನು ಬಂದ ಕೂಡಲೇ ಹಾಕಿಕೊಳ್ಳಬೇಕು.